ಇಟ್ಟಮಡುವಿನ ಬಳ್ಳಿಗೆ ಎರಡು ಉಪವಾಸ

ದ್ರಾಕ್ಷಿ ತಿನ್ನುವಾಗ ನಾನು ಚಾವಣಿ ನೋಡುತ್ತೇನಂತೆ. ನನಗೆ ಗೊತ್ತಿರಲಿಲ್ಲ, ಮದುವೆಯಾಗಿ ಜಯನಗರದ ಈ ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು. "ಮೇಲೇನು ಹಲ್ಲಿ ಇದೆಯಾ? ತಟ್ಟೆ ಇಲ್ಲಿದೆ, ಇಲ್ಲಿ ನೋಡ್ಕೊಂಡು ತಿನ್ನಿ." ಪರೀಕ್ಷಿಸಿದೆ. ನಿಜ. ಕೈ ತಟ್ಟೆಯಿಂದ ಹಣ್ಣು ತೆಗೆಯುತ್ತಿದೆ, ಕುತ್ತಿಗೆ ಹಿಂದಕ್ಕೆ ಬಾಗಿದೆ, ಕಣ್ಣು ಫ್ಯಾನಿಲ್ಲದ ಕೊಕ್ಕೆಯ ಮೇಲೆ ನೆಟ್ಟಿದೆ.

ತಪ್ಪು ನನ್ನದಲ್ಲ, ನಾನು ಹುಟ್ಟಿದ ಊರು ಇಟ್ಟಮಡುವಿನದು. ಅಲ್ಲಿ ನಮ್ಮ ತೋಟದಲ್ಲಿ ಕಲ್ಲುಕಂಬ ನೆಟ್ಟು, ಅಡ್ಡಡ್ಡ ಬಿದಿರು ಕಟ್ಟಿ, ಅದರ ಮೇಲೆ ನೀಲಿ ದ್ರಾಕ್ಷಿ ಹಬ್ಬಿಸಿದ್ದ ಚಪ್ಪರವಿತ್ತು. ನಾನು ಅದರ ಕೆಳಗೆ ಬೆಳೆದೆ. ಮಿಕ್ಕ ಬೆಳೆಗಳಿಗೆ ಮನುಷ್ಯ ಬಗ್ಗಬೇಕು: ರಾಗಿಗೆ, ಕಡಲೆಕಾಯಿಗೆ, ಸೊಪ್ಪಿಗೆ. ದ್ರಾಕ್ಷಿಗೆ ಮಾತ್ರ ತಲೆ ಎತ್ತಬೇಕು. ನಮ್ಮ ಮನೆಯವರಿಗೆ ಒಂದಿಷ್ಟು ಗರ್ವ ಅಂತ ಹೊಸಕೆರೆಹಳ್ಳಿಯ ನೆಂಟರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಗರ್ವವಲ್ಲ, ಅದು ಕತ್ತಿನ ಅಭ್ಯಾಸ.

ಅಪ್ಪ ಹಣ್ಣಿನ ಮಂಕರಿಗಳನ್ನು ಗಾಡಿಗೆ ಹೇರಿ ಸಿಟಿ ಮಾರ್ಕೆಟ್ಟಿಗೆ ಹೊಡೆದುಕೊಂಡು ಹೋಗುತ್ತಿದ್ದ. ಅಷ್ಟೇ ಅವನ ಪಾಲು. ಬಳ್ಳಿ ಮಾತ್ರ ಅವ್ವನದು. ಯಾವ ಕುಡಿ ಇರಬೇಕು, ಯಾವುದಕ್ಕೆ ಕತ್ತರಿ ಬೀಳಬೇಕು ಅನ್ನುವುದನ್ನು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಲು ಯಾರಿದ್ದರು? ಸುತ್ತಲಿನವರೆಲ್ಲ ರಾಗಿಯವರು. ಕೊಳ್ಳಲು ಬರುತ್ತಿದ್ದವರಲ್ಲಿ ಹಣ್ಣಿನ ವ್ಯಾಪಾರಿಗಳಿದ್ದರು, ವರ್ಷಕ್ಕೊಮ್ಮೆ ಒಬ್ಬರು ಬಿಳಿ ನಿಲುವಂಗಿಯ ಪಾದ್ರಿಯೂ ಇದ್ದರು. ಪಾದ್ರಿಗೆ ಅಷ್ಟು ಹಣ್ಣು ಯಾಕೆ ಬೇಕು ಅಂತ ನಾವು ಯೋಚಿಸಲಿಲ್ಲ. "ಮಕ್ಕಳಿಲ್ಲದ ಮನುಷ್ಯ, ತಿನ್ಲಿ ಬಿಡು" ಅಂತ ಅವ್ವ ಒಂದು ಗೊಂಚಲು ಹೆಚ್ಚಿಗೆ ಹಾಕುತ್ತಿದ್ದಳು. ಹಣ್ಣಿನಿಂದ ಕುಡಿಯುವುದನ್ನೂ ಮಾಡುತ್ತಾರೆ ಅನ್ನುವ ವಿಷಯ ನಮ್ಮ ಚಪ್ಪರದ ಕೆಳಕ್ಕೆ ಇಳಿದೇ ಇರಲಿಲ್ಲ.

ಆದ್ದರಿಂದಲೇ ನಾನು ಕೆಲಸಕ್ಕಿದ್ದ ಕಾರ್ಖಾನೆಯವರು ನನ್ನನ್ನು ತರಬೇತಿಗೆ ಜರ್ಮನಿಗೆ ಕಳಿಸಿದಾಗ ಅವ್ವ "ಕುಡೀಬೇಡ" ಎನ್ನಲಿಲ್ಲ. ಅವಳು ಹೇಳಿದ್ದು ಒಂದೇ: "ಯಾರ್ದೂ ಎಂಜಲು ಮಾತ್ರ ಮುಟ್ಬೇಡ ಮಗಾ."

ಇನ್ನು ಮುಂದೆ ಹೇಳುವುದನ್ನು ನಾನು ಕ್ಯಾಂಟೀನಿನಲ್ಲಿ, ಮದುವೆಮನೆಗಳಲ್ಲಿ, ಬಸ್ಸಿಗೆ ಕಾಯುವಾಗ, ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದು ಮೆಟ್ಟಿಲ ಕಲ್ಲಿನ ಹಾಗೆ ನುಣುಪಾಗಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ; ಕಾಲು ಜಾರುತ್ತದೆ. ಹಾಗಾಗಿ ಈ ಸಲ ಅನುಮಾನ ಬಂದ ಕಡೆಯೆಲ್ಲ ನಿಲ್ಲುತ್ತೇನೆ. ನೀವೂ ನಿಲ್ಲಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಜೊತೆ ತರಬೇತಿಗೆ ಬಂದಿದ್ದವನು ಬಸವನಗುಡಿಯ ಸೀತಾರಾಮು. ಅವನು ಊರಿನಲ್ಲೇ ಜರ್ಮನ್ ಪಾಠ ಹೇಳಿಸಿಕೊಂಡು ಬಂದಿದ್ದ. ನನಗೆ ವರ್ಕ್‌ಶಾಪಿನ ಜರ್ಮನ್ ಮಾತ್ರ ಗೊತ್ತು: ಸ್ಕ್ರೂ ಬಿಗಿ ಮಾಡು, ಸಡಿಲ ಮಾಡು, ಲೇ ಕತ್ತೆ. ನಮಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಹೆಂಗಸಿನ ಅಕ್ಕ ಗಡಿಯಾಚೆ, ಫ್ರಾನ್ಸಿನ ಮೊದಲನೇ ಊರಿನಲ್ಲಿದ್ದಳು. ತಂಗಿ ಅಕ್ಕನಿಗೆಂದು ಹೆಣೆದ ಉಣ್ಣೆಯ ಶಾಲನ್ನು ನಮ್ಮ ಕೈಗೆ ಕೊಟ್ಟು, "ಭಾನುವಾರ ಸುಮ್ನೆ ಕೂತಿರ್ತೀರಲ್ಲ, ಕೊಟ್ಟು ಊರು ನೋಡ್ಕೊಂಡು ಬನ್ನಿ" ಎಂದಳು. ಉಣ್ಣೆಯ ಶಾಲು ಅಂದರೆ ಚಳಿಗಾಲವಿರಬೇಕು. ಆದರೆ ಬಳ್ಳಿಯಲ್ಲಿ ಎಲೆ, ಸಾಸಿವೆಯಷ್ಟು ಕಾಯಿ ಇದ್ದದ್ದು ಚೆನ್ನಾಗಿ ನೆನಪಿದೆ, ಅಂದರೆ ಅಲ್ಲಿಯ ಬೇಸಿಗೆಯ ಶುರು. ಶಾಲನ್ನು ಬಿಡೋಣ. ಕಾಯಿಯನ್ನು ನಂಬೋಣ.

ಊರಿಗೆ ಎರಡು ಹೆಸರು. ಫ್ರೆಂಚರು ವಿಸೆಂಬೂರ್ ಅನ್ನುತ್ತಾರೆ, ಜರ್ಮನರು ವೈಸೆನ್‌ಬುರ್ಗ್ ಅನ್ನುತ್ತಾರೆ. ಎರಡೂ ನನ್ನ ನಾಲಿಗೆಗೆ ಹತ್ತಲಿಲ್ಲ. ಬಿಳಿಯ ಕೋಟೆ ಅಂತ ಅರ್ಥ ಎಂದು ಸೀತಾರಾಮು ಹೇಳಿದ ಮೇಲೆ ನಾನು ಅದನ್ನು ಬಿಳಿಕೋಟೆ ಎಂದೇ ಇಟ್ಟುಕೊಂಡೆ. ಬಿಳಿಕೋಟೆಯಲ್ಲಿ ಬಿಳಿಯದೇನೂ ಕಾಣಲಿಲ್ಲ. ಚರ್ಚು ಕೆಂಪು ಕಲ್ಲಿನದು, ನಮ್ಮ ದೇವಸ್ಥಾನಗಳಷ್ಟು ಹಳೆಯದು. ಹಿಂದೆ ಉಪ್ಪು ತುಂಬಿಡುತ್ತಿದ್ದ ಒಂದು ಮನೆ ಇತ್ತು. ಅದರ ಎತ್ತರದ ಹೆಂಚಿನ ಚಾವಣಿಯಲ್ಲಿ ಸಾಲುಸಾಲು ಕಿಂಡಿಗಳು, ಮನೆ ನಿದ್ದೆಗಣ್ಣು ಬಿಟ್ಟು ನೋಡುತ್ತಿರುವ ಹಾಗೆ. ಊರ ನಡುವೆ ಒಂದು ನದಿ ಹರಿಯುತ್ತದೆ. ಅವರು ನದಿ ಅನ್ನುತ್ತಾರೆ. ನಮ್ಮ ವೃಷಭಾವತಿ ಮಳೆಗಾಲದಲ್ಲಿ ಅದಕ್ಕಿಂತ ಅಗಲವಾಗಿರುತ್ತದೆ. ಆದರೆ ಅದಕ್ಕೆ ಕಲ್ಲಿನ ಅಂಚು ಕಟ್ಟಿ, ದಡದ ಮನೆಗಳ ಕಿಟಕಿಗೆಲ್ಲ ಹೂಕುಂಡ ಇಟ್ಟು, ನದಿಗೆ ತಾನು ದೊಡ್ಡವಳೆಂಬ ಭ್ರಮೆ ಹುಟ್ಟಿಸಿದ್ದಾರೆ.

ಶಾಲು ಮುಟ್ಟಿಸಬೇಕಾಗಿದ್ದ ಅಕ್ಕನ ಮನೆ ಊರಂಚಿನಲ್ಲಿ, ದಿಬ್ಬದ ಬುಡದಲ್ಲಿತ್ತು. ಹಿತ್ತಿಲಿನಿಂದಲೇ ದ್ರಾಕ್ಷಿ ಸಾಲು ಶುರು. ಅವಳಿಗೆ ಎಪ್ಪತ್ತರ ಹತ್ತಿರ ವಯಸ್ಸಿರಬೇಕು. ಹೆಸರು ಹೇಳಿದ್ದಳು, ನಾನು ಅಜ್ಜಿ ಎಂದೇ ಕರೆದೆ, ಅವಳು ಅದನ್ನು ಯಾವುದೋ ಗೌರವದ ಪದವಿ ಅಂದುಕೊಂಡು ತಲೆ ಬಾಗಿಸಿದಳು. ಅವಳ ಮಾತನ್ನು ಸೀತಾರಾಮು ನನಗೆ ಕನ್ನಡ ಮಾಡಿ ಹೇಳುತ್ತಿದ್ದ, ನನ್ನದನ್ನು ಅವಳಿಗೆ ಜರ್ಮನ್ ಮಾಡಿ ಹೇಳುತ್ತಿದ್ದ. ಹಾಗಾಗಿ ನನ್ನ ನೆನಪಿನಲ್ಲಿ ಆ ಅಜ್ಜಿ ಬಸವನಗುಡಿಯ ಕನ್ನಡ ಮಾತಾಡುತ್ತಾಳೆ. ಅದನ್ನು ತಿದ್ದಲು ನನ್ನಿಂದಾಗದು.

"ನಾನು ಹುಟ್ಟಿದಾಗ ಇದು ಜರ್ಮನಿ," ಎಂದಳು. "ಆಮೇಲೆ ಫ್ರಾನ್ಸ್ ಆಯ್ತು. ಆಮೇಲೆ ಮತ್ತೆ ಜರ್ಮನಿ. ಈಗ ಫ್ರಾನ್ಸ್. ನನ್ನ ದ್ರಾಕ್ಷಿ ಸಾಲು ಮಾತ್ರ ಒಂದಂಗುಲ ಅತ್ತಿತ್ತ ಸರೀಲಿಲ್ಲ."

ಮಧ್ಯಾಹ್ನದ ಊಟಕ್ಕೆ ಅವಳ ಮಗ ಎಮಿಲ್ ಬಂದ. ನೆರೆಮನೆಯವರೂ ಸೇರಿಕೊಂಡರು. ವೈನು ಮಾಡುವುದು ಎಮಿಲ್‌ನ ಕಸುಬು. ಕಂಬದಂಥ ಆಳು, ಬೆರಳೆಲ್ಲ ಬಳ್ಳಿಯ ಗಂಟಿನ ಹಾಗೆ. ಅವನು ಒಂದು ದೊಡ್ಡ ಗಾಜಿನ ಲೋಟಕ್ಕೆ, ಅರ್ಧ ಸೇರು ಹಿಡಿಯುವಂಥದ್ದಕ್ಕೆ, ವೈನು ತುಂಬಿದ. ತಾನೊಂದು ಗುಟುಕು ಕುಡಿದು ಪಕ್ಕದವನಿಗೆ ಕೊಟ್ಟ. ಪಕ್ಕದವನು ಕುಡಿದು ಅವನ ಹೆಂಡತಿಗೆ ಕೊಟ್ಟ. ಅವಳು ಅಜ್ಜಿಗೆ. ಆ ಸೀಮೆಯ ರೂಢಿ ಹಾಗಂತೆ: ಒಂದು ಮೇಜಿಗೆ ಒಂದೇ ಲೋಟ, ಎಲ್ಲರ ಬಾಯಿಗೂ ಅದೇ. ಬೇರೆ ಲೋಟ ಕೇಳಿದರೆ ನಿಮ್ಮನ್ನು ನಾನು ನಂಬುವುದಿಲ್ಲ ಅಂದ ಹಾಗೆ.

ಲೋಟ ನನ್ನ ಕಡೆಗೆ ಬರುತ್ತಿತ್ತು.

"ಲೋ, ಇದು ಎಂಜಲು ಕಣೋ," ಎಂದೆ ಸೀತಾರಾಮುವಿಗೆ.

"ಎಂಜಲು ಅನ್ನೋದಕ್ಕೆ ಇವರ ಭಾಷೇಲಿ ಪದಾನೇ ಇಲ್ಲ."

"ಪದ ಇಲ್ದಿದ್ರೆ ಎಂಜಲು ಇಲ್ಲ ಅಂತಾನಾ?"

"ಗುರುವೇ, ಕೈ ಮುಗೀತೀನಿ. ಸುಮ್ನೆ ಕಚ್ಚಿ ಕುಡಿದು ಆಚೆ ತಳ್ಳು," ಎಂದ ಸೀತಾರಾಮು, ಏಕಾದಶಿ ತಪ್ಪಿಸದ ತಾಯಿಯ ಮಗ. ತಾನು ಆಗಲೇ ಕಚ್ಚಿ ಕುಡಿದು ಮೀಸೆ ಒರೆಸಿಕೊಂಡಿದ್ದ.

ಲೋಟ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕುಡಿಯದಿದ್ದರೆ ಅಜ್ಜಿಗೆ ಅವಮಾನ, ಕುಡಿದರೆ ಅವ್ವನ ಮಾತು ಹೋಯಿತು. ನಾನು ಏನೂ ಯೋಚಿಸಲಿಲ್ಲ. ಕೈ ತಾನಾಗಿಯೇ ಮಾಡಿತು. ಲೋಟವನ್ನು ಹಣೆಗಿಂತ ಮೇಲೆ ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ಮನೆಯಲ್ಲಿ ಚೊಂಬಿನ ನೀರು ಕುಡಿಯುವ ಹಾಗೆ, ತುಟಿಗೆ ಸೋಕಿಸದೆ ಗಟಗಟನೆ ಎತ್ತಿ ಕುಡಿದೆ.

ಎಲ್ಲರ ಕಣ್ಣೂ ಲೋಟದ ಜೊತೆ ಮೇಲಕ್ಕೇರಿತು. ಆಮೇಲೆ ಚಪ್ಪಾಳೆ! ಎಮಿಲ್ ಎದ್ದುನಿಂತು ಮತ್ತೆ ಲೋಟ ತುಂಬಿದ. "ಇನ್ನೊಂದ್ಸಲ, ಇನ್ನೂ ಮೇಲಿಂದ!" ಇನ್ನೂ ಮೇಲಿಂದ ಕುಡಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ಪಕ್ಕದ ಮನೆಯವನು ತಾನೂ ಮಾಡುತ್ತೇನೆಂದು ಹೋಗಿ ವೈನನ್ನು ಮೂಗಿಗೂ ಅಂಗಿಗೂ ಕುಡಿಸಿದ. ಇಟ್ಟಮಡುವಿನಲ್ಲಿ ಮೂರು ವರ್ಷದ ಮಗುವೂ ಮಾಡುವ ಕೆಲಸಕ್ಕೆ ನನಗೆ ಅಷ್ಟು ಮರ್ಯಾದೆ ಸಿಕ್ಕಿತು. ಹೇಳಿಕೊಳ್ಳಲು ನಾಚಿಕೆ ಇಲ್ಲ, ಖುಷಿಯಾಯಿತು. ವೈನಿನ ರುಚಿ ಕೇಳಬೇಡಿ. ಎತ್ತಿ ಕುಡಿದವನಿಗೆ ರುಚಿ ತಿಳಿಯುವುದಿಲ್ಲ. ಅದು ನಾಲಿಗೆಗೆ ನಮಸ್ಕಾರ ಹೇಳಿ ನೇರ ಗಂಟಲಿಗೆ ಹೋಗುತ್ತದೆ.

ಕೇಡಾದದ್ದು ಇಲ್ಲಿಂದಲೇ. ಆಟ ತೋರಿಸಿದವನ ಮಾತೂ ಆಟದ ಹಾಗೇ ಕೇಳಿಸುತ್ತದೆ ಅನ್ನುವುದು ನನಗೆ ಹೊಳೆಯಲಿಲ್ಲ.

"ನಿಮ್ಮನೇಲಿ ಏನು ಸಾಕಿದೀರಿ, ಆನೆಯಾ?" ಎಂದು ಎಮಿಲ್ ಕೇಳಿದ.

"ಇಲ್ಲ. ನಮ್ಮದು ದ್ರಾಕ್ಷಿ ತೋಟ."

ನಗೆ. ನಾನೂ ನಕ್ಕೆ. ಆಮೇಲೆ ನೋಡಿದರೆ ಅವರು ನಗುತ್ತಿದ್ದದ್ದು ಬೇರೆ ಕಾರಣಕ್ಕೆ. ಅಷ್ಟು ಸೆಕೆಯ ದೇಶದಲ್ಲಿ ದ್ರಾಕ್ಷಿಯೇ? ನಾನು ಕೈ ಎತ್ತಿ ಚಪ್ಪರ ತೋರಿಸಿದೆ. ಬಳ್ಳಿ ತಲೆಯ ಮೇಲೆ ಹಬ್ಬುತ್ತದೆ, ಹಣ್ಣು ಕೆಳಕ್ಕೆ ತೂಗುತ್ತದೆ ಎಂದೆ. ನಗೆ ಹೆಚ್ಚಾಯಿತು. ಆಗ, ಅದನ್ನು ನಿಲ್ಲಿಸಲೆಂದು, ನನ್ನ ಬಳಿಯಿದ್ದ ಅತಿ ದೊಡ್ಡ ಸತ್ಯವನ್ನು ಮೇಜಿನ ಮೇಲಿಟ್ಟೆ: "ವರ್ಷಕ್ಕೆ ಎರಡು ಬೆಳೆ ತೆಗೀತೀವಿ."

ಎಮಿಲ್ ಮೇಜು ಗುದ್ದಿಕೊಂಡು ನಕ್ಕ. "ನಿಮ್ಮೂರಲ್ಲಿ ಈಸ್ಟರ್ ಹಬ್ಬಾನೂ ವರ್ಷಕ್ಕೆ ಎರಡು ಸಲ ಬರುತ್ತಾ?"

ಸೀತಾರಾಮು ಅವರ ಭಾಷೆಯಲ್ಲಿ ಏನೋ ಹೇಳಿದ. ಎಲ್ಲರೂ ಸಮಾಧಾನದಿಂದ ತಲೆಯಾಡಿಸಿದರು.

"ಏನಂದೆ?"

"ಇವನು ತಮಾಷೆ ಮಾಡ್ತಿದಾನೆ ಅಂದೆ. ಇಲ್ದಿದ್ರೆ ಸುಳ್ಳ ಅಂದ್ಕೋತಾರೆ ಕಣೋ."

"ಸುಳ್ಳು ಯಾವುದು ಅದ್ರಲ್ಲಿ?"

"ನಿಜವಾಗ್ಲೂ ಎರಡು ಸಲ ಬಿಡುತ್ತಾ?"

"ನೀನು ಶಿವರಾತ್ರೀಲೂ ದ್ರಾಕ್ಷಿ ತಿಂತೀಯ, ಶ್ರಾವಣದಲ್ಲೂ ತಿಂತೀಯ. ಎಲ್ಲಿಂದ ಬಂತು ಅಂದ್ಕೊಂಡಿದ್ದೆ?"

ಸೀತಾರಾಮು ಪ್ರಾಮಾಣಿಕವಾಗಿ ಯೋಚಿಸಿದ. "ಅಂಗಡಿಯಿಂದ," ಎಂದ.

ನಾನು ಎದ್ದು ಹಿತ್ತಿಲಿಗೆ ಹೋದೆ. ಸಿಟ್ಟು ಬಂದಿತ್ತು ಅಂತ ಇಷ್ಟು ದಿನ ಹೇಳುತ್ತಿದ್ದೆ. ಸಿಟ್ಟಲ್ಲ, ಅದಕ್ಕಿಂತ ಕೆಟ್ಟದ್ದು. ಅವ್ವ ಆ ಚಪ್ಪರದ ಕೆಳಗೆ ಏನು ಮಾಡುತ್ತಾಳೆಂದು ಊರಲ್ಲಿ ಯಾರಿಗೂ ತಿಳಿಯದು. ಅಪ್ಪನಿಗೆ ಮಂಕರಿ ಗೊತ್ತು, ಮಾರ್ಕೆಟ್ಟಿನವರಿಗೆ ತೂಕ ಗೊತ್ತು. ಅವಳ ಕೆಲಸ ಎಂಥದ್ದೆಂದು ಅಳೆಯಬಲ್ಲ ಜನ ಭೂಮಿಯ ಮೇಲಿದ್ದರೆ ಇವರು. ಅಂಥವರ ಮುಂದೆ ನಾನು ಅವಳನ್ನು ತಂದು ನಿಲ್ಲಿಸಿದ್ದೆ, ಇವರು ನಕ್ಕುಬಿಟ್ಟಿದ್ದರು. ಇವರೂ ನಂಬದಿದ್ದರೆ ಇನ್ನು ಯಾರು?

ಸಾಲುಗಳ ನಡುವೆ ನಿಂತೆ. ಕಡ್ಡಿಗೆ ಕಟ್ಟಿದ ಬಳ್ಳಿ ನನ್ನ ಎದೆಯ ಎತ್ತರಕ್ಕಿತ್ತು. ದ್ರಾಕ್ಷಿಯನ್ನು ಮೊದಲ ಸಲ ಮೇಲಿನಿಂದ ಕೆಳಕ್ಕೆ ನೋಡಿದೆ. ದೊಡ್ಡವರೊಬ್ಬರನ್ನು ಕೂತಲ್ಲೇ ಮಾತಾಡಿಸಿದಂತೆ ಮುಜುಗರವಾಯಿತು. ಬಳ್ಳಿ ತಬ್ಬಿಕೊಳ್ಳಲು ಬಿಡುತ್ತದಲ್ಲ, ಸುರುಳಿ ಸುರುಳಿ ಎಳೆ, ಅದೊಂದನ್ನು ಚಿವುಟಿ ಬಾಯಿಗೆ ಹಾಕಿಕೊಂಡೆ. ಅದೇ ಹುಳಿ. ಹುಣಿಸೆ ಚಿಗುರಿನದಲ್ಲ, ನಿಂಬೆಯದೂ ಅಲ್ಲ, ಸ್ಕೂಲಿಂದ ಬಂದು ಚೀಲ ಬಿಸಾಡಿ ಕಂಬ ಹತ್ತಿ ಕಿತ್ತು ತಿನ್ನುತ್ತಿದ್ದ ಅದೇ ಹುಳಿ.

"ಅದನ್ನ ಇಲ್ಲಿನ ಮಕ್ಕಳೂ ತಿಂತಾವೆ."

ಹಿಂದೆ ಅಜ್ಜಿ ನಿಂತಿದ್ದಳು. ಅವಳ ಹಿಂದೆ, ತಪ್ಪು ಮಾಡಿದವನ ಮುಖ ಹೊತ್ತು, ಸೀತಾರಾಮು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. "ದೊಡ್ಡವನಾದ್ಮೇಲೂ ಇದನ್ನ ತಿನ್ನೋನು ಬಳ್ಳಿ ಮನೆಯೋನೇ ಇರ್ಬೇಕು. ಈಗ ಹೇಳು. ನಿಮ್ಮಲ್ಲಿ ಚಳಿಗಾಲ ಇಲ್ಲ. ಹಿಮ ಇಲ್ಲ. ಮಲಗಿ ಏಳದೆ ಬಳ್ಳಿ ಹಣ್ಣು ಬಿಡಲ್ಲ. ಅದನ್ನ ಮಲಗಿಸೋದು ಹೇಗೆ?"

ಇದು ನಗುವವರ ಪ್ರಶ್ನೆಯಲ್ಲ. ನಾನು ಬೆನ್ನು ನೆಟ್ಟಗೆ ಮಾಡಿದೆ. ಹಣ್ಣು ಮುಗಿದ ಮೇಲೆ ಅವ್ವ ನೀರು ನಿಲ್ಲಿಸುತ್ತಾಳೆ. ಬುಡದ ಮಣ್ಣು ಬಿಡಿಸಿ ಬೇರಿಗೆ ಬಿಸಿಲು ತೋರಿಸುತ್ತಾಳೆ. ಎಲೆ ಹಣ್ಣಾಗಿ ಉದುರುತ್ತದೆ. ಆಮೇಲೆ ಕತ್ತರಿ ಹಾಕಿ, ಕುರಿಗೊಬ್ಬರ ತುಂಬಿ, ನೀರು ಬಿಡುತ್ತಾಳೆ. ಬಳ್ಳಿ ಚಿಗುರುತ್ತದೆ. ಇದನ್ನು ಅವಳು ವರ್ಷಕ್ಕೆ ಎರಡು ಸಲ ಮಾಡುತ್ತಾಳೆ.

ಸೀತಾರಾಮು ಹೇಳಿದ. ಅಜ್ಜಿ ಹುಬ್ಬು ಗಂಟಿಕ್ಕಿದಳು.

"ಏನಂತೆ?"

"ಬಳ್ಳೀನ ಹಸಿವಿನಿಂದ ಸಾಯಿಸ್ತೀರಾ ಅಂತ ಕೇಳ್ತಿದಾರೆ."

"ಹಸಿವಲ್ಲ ಕಣೋ! ಉಪವಾಸ. ನಮ್ಮವ್ವ ಅದಕ್ಕೆ ಬಳ್ಳಿ ಉಪವಾಸ ಕೂತೈತೆ ಅಂತಾಳೆ. ನಿಮ್ಮಮ್ಮ ಏಕಾದಶಿ ಮಾಡಲ್ವಾ, ಅದು. ಹಸಿವು ಬೇರೆ, ಉಪವಾಸ ಬೇರೆ."

ಬಳ್ಳಿ ಉಪವಾಸ ಕೂತ ದಿನಗಳಲ್ಲಿ ಅವ್ವ ನಮ್ಮನ್ನು ಚಪ್ಪರದ ಕೆಳಗೆ ನೀರು ಕುಡಿಯಲೂ ಬಿಡುತ್ತಿರಲಿಲ್ಲ. ವ್ರತ ಹಿಡಿದವರ ಎದುರು ಗಟಗಟ ಕುಡೀತೀರಲ್ಲ, ನಾಚ್ಕೆ ಆಗಲ್ವಾ, ಅತ್ಲಾಗೆ ಹೋಗ್ರಿ ಎಂದು ಓಡಿಸುತ್ತಿದ್ದಳು. ಹಾಗೆ ಓಡಿಸುತ್ತಿದ್ದದ್ದು ಅವ್ವ ಅಲ್ಲ, ಸೋದರತ್ತೆ ಅಂತ ನನ್ನ ಅಕ್ಕ ವಾದಿಸುತ್ತಾಳೆ. ಇರಬಹುದು. ನನಗೆ ಆ ಮಾತಿನ ಜೊತೆ ಕಾಣುವುದು ಮಣ್ಣು ಮೆತ್ತಿದ ಅವ್ವನ ಮೊಣಕೈ. ಅಕ್ಕನಿಗೆ ಏನು ಕಾಣುತ್ತದೋ ಅವಳು ಬರೆದುಕೊಳ್ಳಲಿ.

ಸೀತಾರಾಮು ತಲೆ ಕೆರೆದುಕೊಂಡ. ಅಮ್ಮನ ಏಕಾದಶಿಯಿಂದ ಜರ್ಮನ್ನಿಗೆ ಹೋಗುವ ದಾರಿ ಹುಡುಕಿದ. ಆಮೇಲೆ ಒಂದೇ ಒಂದು ಪದ ಹೇಳಿದ.

ಅಜ್ಜಿಯ ಮುಖ ಬದಲಾದದ್ದನ್ನು ನಾನು ಕಂಡೆ. ಅವರಿಗೂ ಉಪವಾಸವಿದೆ, ಈಸ್ಟರಿಗೆ ಮುಂಚೆ ತಿಂಗಳಿಗೂ ಮಿಕ್ಕಿ ಹಿಡಿಯುತ್ತಾರೆ. ಅವಳು ಆ ಪದವನ್ನು ಮೆಲ್ಲಗೆ ತಾನೂ ಹೇಳಿ ನೋಡಿದಳು. ಬಗ್ಗಿ ಒಂದು ಬಳ್ಳಿಯ ಬುಡ ಮುಟ್ಟಿದಳು. "ದೇವರು ನಮಗೆ ಹಿಮ ಸುರಿಸ್ತಾನೆ. ನಾವು ಕಾಯ್ತೀವಿ ಅಷ್ಟೆ. ನಿಮ್ಮಮ್ಮ ಹಿಮ ಇಲ್ದೇನೇ ಚಳಿಗಾಲ ಮಾಡ್ತಾಳೆ," ಎಂದಳು.

ಈ ಮಾತು ಅವಳದೋ, ಸೀತಾರಾಮುವಿನ ಅನುವಾದದ ಕೈಚಳಕವೋ ಅಂತ ನಾನು ಅವನನ್ನು ಆಮೇಲೆ ಕೇಳಿದ್ದೇನೆ. "ನಾನು ಅಷ್ಟು ಚೆನ್ನಾಗಿ ಮಾತಾಡಿದ್ದು ಯಾವಾಗ ನೋಡಿದೀಯ?" ಎಂದ. ಅವನನ್ನು ಬಲ್ಲವನಾಗಿ ಒಪ್ಪಿಕೊಂಡೆ.

ಅವಳು ನನ್ನ ರಟ್ಟೆ ಹಿಡಿದು ಮತ್ತೆ ಮೇಜಿಗೆ ಕರೆತಂದಳು. ಕೂರಲಿಲ್ಲ, ನಿಂತೇ ಮಗನಿಗೆ ಹೇಳಿದಳು: "ಎಮಿಲ್, ಇವನ ತಾಯಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಉಪವಾಸ ಹಿಡಿಸ್ತಾಳೆ. ಎರಡು ಉಪವಾಸ ಅಂದ್ಮೇಲೆ ಈಸ್ಟರೂ ಎರಡು ಬರಲೇಬೇಕಲ್ಲ?"

ಎಮಿಲ್ ನಗಲಿಲ್ಲ. ನನ್ನನ್ನು ನೋಡಿದ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ, ದನಿ ತಗ್ಗಿಸಿದ. "ಎರಡರಲ್ಲಿ ಯಾವ ಬೆಳೆ ಒಳ್ಳೇದು?"

ಸುಳ್ಳನನ್ನು ಯಾರೂ ಹಾಗೆ ಕೇಳುವುದಿಲ್ಲ. ಬೆಳೆಯುವವನು ಬೆಳೆಯುವವನನ್ನು ಮಾತ್ರ ಕೇಳುತ್ತಾನೆ. ಎರಡೂ ಅಮೃತ ಅನ್ನಬಹುದಿತ್ತು, ನಂಬುತ್ತಿದ್ದ. ಆದರೆ ಈಗ ಜಂಬ ಕೊಚ್ಚುವ ಅಗತ್ಯವೇ ಇರಲಿಲ್ಲ. "ಬೇಸಿಗೇದು ಸಕ್ಕರೆ," ಎಂದೆ. "ಮಳೆಗಾಲದ್ದು ಹುಳಿ. ನೀರು ಜಾಸ್ತಿಯಾಗಿ ಸಿಪ್ಪೆ ಒಡೀತದೆ."

"ಮಳೆ ಬಂದ್ರೆ ನಮ್ಮದೂ ಅದೇ ಪಾಡು," ಎಂದು ಎಮಿಲ್ ನಿಟ್ಟುಸಿರುಬಿಟ್ಟ. ಅಲ್ಲಿಂದ ಕತ್ತಲಾಗುವ ತನಕ ಕುರಿಗೊಬ್ಬರ, ಎಲೆಗೆ ಬೀಳುವ ಬೂದಿ ರೋಗ, ಹಕ್ಕಿ ಕಾಟ. ಹಕ್ಕಿಗಳಿಗೆ ಬಯ್ಯಲು ಸೀತಾರಾಮುವಿನ ಪಾಠದ ಜರ್ಮನ್ ಸಾಲಲಿಲ್ಲ. ನನ್ನ ವರ್ಕ್‌ಶಾಪಿನದು ಧಾರಾಳವಾಗಿ ಸಾಕಾಯಿತು. ಕೊನೆಯ ಬಸ್ಸು ತಪ್ಪಿ ನಾವು ಗಡಿಯ ತನಕ ನಡೆದೇ ಬಂದೆವು ಅಂತ ಹೇಳುವ ಪದ್ಧತಿ ನನಗಿದೆ. ಬಸ್ಸು ಸಿಕ್ಕಿತ್ತು ಅಂತ ಸೀತಾರಾಮು ಹೇಳುತ್ತಾನೆ. ನನಗೆ ನಡೆದ ನೆನಪೇ ಇರುವುದು, ಅದೂ ತಲೆ ಎತ್ತಿಕೊಂಡು.

ಊರಿಗೆ ಮರಳಿದ ಮೇಲೆ ಅವ್ವನಿಗೆ ಎಲ್ಲವನ್ನೂ ಹೇಳಬೇಕೆಂದು ಚಪ್ಪರದ ಕೆಳಗೆ ಹೋದೆ. ಅವಳು ಕುಕ್ಕರಗಾಲಿನಲ್ಲಿ ಕೂತು ಬುಡಕ್ಕೆ ಮಣ್ಣು ಏರಿಸುತ್ತಿದ್ದಳು. ಕೆಂಪು ಚರ್ಚು, ಎರಡು ಹೆಸರಿನ ಊರು, ಮೂರು ಸಲ ಬದಲಾದ ದೇಶ, ಯಾವುದಕ್ಕೂ ಅವಳು ತಲೆ ಎತ್ತಲಿಲ್ಲ. ಊರೆಲ್ಲ ದ್ರಾಕ್ಷಿಯೇ ಬೆಳೆಯುತ್ತದೆ ಎಂದಾಗ ಕೈ ನಿಂತಿತು.

"ಎಲ್ರೂ ನಮ್ಮಂಗೆ ದ್ರಾಕ್ಷಿಯೋರೇನ್ಲಾ? ಎಷ್ಟು ಬೆಳೆ ತೆಗೀತಾರೆ?"

"ಒಂದೇ ಅವ್ವ."

"ವರ್ಷಕ್ಕೆ?"

"ವರ್ಷಕ್ಕೇ ಒಂದು."

ಅವಳು ನನ್ನನ್ನು ದಿಟ್ಟಿಸಿದಳು. "ಅಷ್ಟು ದೂರ ಹೋಗಿ ಇಂಥ ಸುಳ್ಳು ಹೇಳೋದು ಕಲ್ತ್ಕೊಂಡ್ ಬಂದ್ಯಾ?"

"ಇಲ್ಲ ಅವ್ವ, ನಿಜ. ಅಲ್ಲಿ ಹಿಮ ಬೀಳ್ತದೆ. ಅರ್ಧ ವರ್ಷ ಬಳ್ಳಿ ಮಲಗಿಬಿಡ್ತದೆ."

ಅವ್ವ ಮಣ್ಣಿನ ಕೈಯನ್ನು ಸೀರೆಯ ನೆರಿಗೆಗೆ ಒರೆಸಿಕೊಂಡಳು. ಅವಳ ಮುಖದಲ್ಲಿ ಕರಗುವ ಹಾಗೆ ಮರುಕ ಮೂಡಿತು, ಹೆತ್ತವರಿದ್ದೂ ಅನಾಥರಾದ ಮಕ್ಕಳ ಸುದ್ದಿ ಕೇಳಿದವಳಂತೆ. ಇಷ್ಟು ಹೊತ್ತು ನನ್ನ ನೆನಪನ್ನು ಅಡಿಗಡಿಗೆ ತಡೆದು ನಿಲ್ಲಿಸಿ ನಿಮ್ಮ ತಾಳ್ಮೆ ಕೆಡಿಸಿದ್ದೇನೆ. ಮುಂದಿನ ಮಾತಿನ ಬಗ್ಗೆ ಮಾತ್ರ ನನಗೆ ಒಂದಕ್ಷರದ ಅನುಮಾನವಿಲ್ಲ.

"ಪಾಪ, ಅಷ್ಟು ಜನ ಅವ್ರೆ, ಎಬ್ಬಿಸೋರು ಒಬ್ರೂ ಇಲ್ವಾ?" ಎಂದಳು. "ಮುಂದಿನ್ ಸಲ ಹೋಗೋವಾಗ ಹೇಳ್ಲಾ. ನಾನೂ ಬತ್ತೀನಿ. ತೋರಿಸ್ಕೊಟ್ಟು ಬರಾನ."